ಕುಳ್ಳು ಮುಟ್ಟುವ ಕೈ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ರಾಯಚೂರಿನ ಹುಡುಗಿಯರ ಹಾಸ್ಟೆಲಿನಲ್ಲಿದ್ದು ಪ್ರಾಣಿಶಾಸ್ತ್ರ ಓದುತ್ತಿದ್ದೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಮಾನ್ವಿಯ ಮನೆಗೆ ಬರುತ್ತಿದ್ದೆ. ಆಗಷ್ಟೇ ಅಣ್ಣನ ಮದುವೆಯಾಗಿತ್ತು. ಅವನ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ. ದೇವದುರ್ಗದವಳು, ನನಗಿಂತ ತುಸು ದೊಡ್ಡವಳು. ಇಬ್ಬರದೂ ಮಾತು ಕಡಿಮೆ. ಅದಕ್ಕೇ ಇರಬೇಕು, ಬೇಗ ಹೊಂದಿಕೊಂಡೆವು.

ವೈನಿ ಮನೆಯ ಎಲ್ಲ ಕೆಲಸ ಮಾಡುವಳು, ಒಲೆಗೆ ಸಗಣಿ ತಟ್ಟಿ ಒಣಗಿಸಿದ ಕುಳ್ಳು ಮಾತ್ರ ಹಾಕಳು. ಚಿಕ್ಕವಳಿದ್ದಾಗ ತವರಿನ ಹಿತ್ತಲಲ್ಲಿ ಕುಳ್ಳಿನ ರಾಶಿಗೆ ಕೈಹಾಕಿ ಚೇಳು ಕಡಿಸಿಕೊಂಡಿದ್ದಳಂತೆ. ಉಳಿದದ್ದೇ ಹೆಚ್ಚಂತೆ. ಅಂದಿನಿಂದ, ಝಾಡಿಸಿ ಒಲೆಯ ಪಕ್ಕ ತಂದಿಟ್ಟ ಕುಳ್ಳಿನ ತುಂಡನ್ನೂ ಅವಳ ಕೈ ಮುಟ್ಟುತ್ತಿರಲಿಲ್ಲ. ಅವ್ವ ಇದಕ್ಕೆ ಬೈದವಳಲ್ಲ. ವೈನಿ ರೊಟ್ಟಿ ಬಡಿಯಲು ಕುಳಿತರೆ ತಾನೇ ಪಕ್ಕದಲ್ಲಿ ಕುಳಿತು, ಕುಳ್ಳು ಮುರಿದು ಉರಿ ನೋಡಿಕೊಳ್ಳುವಳು.

"ಸೊಸಿ ಬಂದಮ್ಯಾಲೆ ಅತ್ತಿಗೆ ಆರಾಮ ಅಂತಾರ. ನನಗ ನೋಡ್ರಿ, ಒಲಿ ಊದೋ ನೌಕರಿ ಸಿಕ್ತು," ಎಂದು ನೆರೆಯವರೊಡನೆ ನಗುವಳು. ವೈನಿಯೂ ನಗುವಳು. ತಲೆ ಮಾತ್ರ ಎತ್ತುತ್ತಿರಲಿಲ್ಲ.

ಅಷ್ಟರಲ್ಲಿ ಅಣ್ಣನಿಗೆ ದೇವದುರ್ಗಕ್ಕೆ ವರ್ಗವಾಯಿತು. ವೈನಿಯ ತವರೂರೇ, ಆದರೆ ತವರಿನವರು ಈಗ ಅಲ್ಲಿರಲಿಲ್ಲ. ಸೀಮೆಎಣ್ಣೆ ರೇಷನ್ನಿನಲ್ಲಿ ಸಿಕ್ಕಷ್ಟೇ. ಕುಳ್ಳಿಲ್ಲದೆ ಅಡುಗೆ ನಡೆಯುವಂತಿರಲಿಲ್ಲ, ಅಲ್ಲಿ ಕುಳ್ಳು ಹಾಕಿಕೊಡಲು ಅವ್ವ ಇರುವಂತಿರಲಿಲ್ಲ.

"ಆಕಿ ಇಲ್ಲೇ ಇರಲಿ ತಗೋ. ನೀ ಖಾನಾವಳ್ಯಾಗ ಉಣ್ಣು," ಎಂದಳು ಅವ್ವ. ಕೇಡು ಬಗೆದು ಅಂದದ್ದಲ್ಲ. ಆದರೆ ಆ ಸಂಜೆ ವೈನಿ ನನ್ನನ್ನು ಹಿತ್ತಲಿಗೆ ಕರೆದಳು.

"ನಾ ಅವರ ಜೋಡಿ ಹೋಗಬೇಕು. ಈ ಕೈಗೆ ಏನರೆ ಮಾಡು. ಓದಿದಾಕಿ ನೀ."

ನಾನು ಓದಿದ್ದು ಅಲ್ಪ. ಮಿದುಳಿನ ನರಕೋಶಗಳಲ್ಲಿ ಕೆಲವು ತಮ್ಮ ಮುಂದಿನದನ್ನು ಕೆರಳಿಸುತ್ತವೆ, ಕೆಲವು ಸುಮ್ಮನಾಗಿಸುತ್ತವೆ ಎಂದು ತರಗತಿಯಲ್ಲಿ ಕೇಳಿದ್ದೆ. ಕಲಿತ ಭಯ ಅಳಿಸಿಹೋಗುವುದಿಲ್ಲವಂತೆ. ಹೆದರಿಸುವ ವಸ್ತು ಏನೂ ಕೆಡುಕು ಮಾಡದೆ ಮತ್ತೆ ಮತ್ತೆ ಎದುರಾದರೆ, ಆ ಭಯವನ್ನು ಸುಮ್ಮನಾಗಿಸುವ ಜೋಡಣೆಗಳು ಬಲಿಯುತ್ತಿರಬೇಕು ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ಅದು ಇನ್ನೂ ಊಹೆ ಎಂದೂ ಸೇರಿಸಿದ್ದರು. ಹಾಗಾದರೆ ಅವ್ವನ ಅಕ್ಕರೆಯೇ ಅಡ್ಡಿಯಾಗಿತ್ತು. ಕುಳ್ಳು ಎದುರಾಗದೆ ಕೈ ಕಲಿಯುವುದು ಹೇಗೆ?

ಒಂದು ಕುಳ್ಳನ್ನು ಅಂಗಳದ ಬಿಸಿಲಿನಲ್ಲಿಟ್ಟು ಅದರೆದುರು ಕುಳಿತೆವು. ಮೊದಲು ಬರೀ ನೋಡುವುದು. ಮುಂದೆ ವೈನಿ ನನ್ನ ಮುಂಗೈ ಹಿಡಿದುಕೊಂಡು ತನ್ನ ಇನ್ನೊಂದು ಕೈಯನ್ನು ಕುಳ್ಳಿನ ಹತ್ತಿರ ತರುವುದು. ಅವಳ ಬೆರಳುಗಳು ತಣ್ಣಗಿರುತ್ತಿದ್ದವು.

"ಏನ್ರವ್ವಾ, ಕುಳ್ಳಿಗೆ ಪೂಜಿ ಮಾಡಾಕತ್ತೀರೇನು? ಅರಿಶಿಣ ಕುಂಕುಮ ತರ್ಲ್ಯಾ?" ಅವ್ವ ಬಾಗಿಲಲ್ಲಿ ನಿಂತು ಕೇಳಿದಳು.

"ನೀವು ಒಳಗ ಹೋಗ್ರಿ ಅತ್ತಿ, ನಗು ಬರ್ತದ," ಎಂದ ವೈನಿ ಆ ನಗುವಿನಲ್ಲೇ ಮೊದಲ ಸಲ ಕುಳ್ಳು ಮುಟ್ಟಿದಳು.

ನಾನಿಲ್ಲದ ದಿನಗಳಲ್ಲೂ ಬಿಡಲಿಲ್ಲ. ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ, ಕೋಲಿನಿಂದ ಬಡಿದು ನೋಡಿ, ರಾಶಿಯಿಂದ ತಾನೇ ಕುಳ್ಳು ತರುತ್ತಿದ್ದಳು.

ಅಣ್ಣ ವೈನಿಯನ್ನು ಕರೆದೊಯ್ಯುವಾಗ, ಸಾಮಾನು ಹೊಂದಿಸಿಕೊಡಲು ನಾನೂ ದೇವದುರ್ಗಕ್ಕೆ ಹೋದೆ. ಬಾಡಿಗೆ ಮನೆಯ ಹಿತ್ತಲಲ್ಲಿ ಮೊದಲಿದ್ದವರು ಬಿಟ್ಟುಹೋದ ಕುಳ್ಳಿನ ರಾಶಿಯಿತ್ತು. ನಾನು ಒಂದನ್ನು ಝಾಡಿಸಿ ತಂದು ಒಲೆಯ ಪಕ್ಕ ಇಟ್ಟೆ. ವೈನಿಯ ಕೈ ಅರ್ಧದಾರಿಯಲ್ಲಿ ನಿಂತುಬಿಟ್ಟಿತು. ಅವಳು ಅದನ್ನು ಬೇರೆ ಯಾರದೋ ಕೈಯಂತೆ ನೋಡಿದಳು.

"ಎಲ್ಲಾ ಹೋತಲ್ಲ ತಂಗಿ. ಮಾನ್ವ್ಯಾಗ ಕಲ್ತಿದ್ದು ಮಾನ್ವ್ಯಾಗೇ ಉಳೀತು."

"ಹೋಗಿಲ್ಲ ವೈನಿ. ಅಂಜಿಕಿ ಕಲ್ತಿದ್ದು ಈ ಊರಾಗ. ಸುಮ್ಮನಾಗಸೋದು ಕಲ್ತಿದ್ದು ಆ ಊರಾಗ. ಇಲ್ಲಿ ಇನ್ನೊಮ್ಮಿ ಕಲೀಬೇಕು, ಅಷ್ಟ."

ಇದನ್ನು ನನಗೆ ಯಾರೂ ಕಲಿಸಿರಲಿಲ್ಲ. ಅವಳ ಮುಖ ನೋಡುತ್ತ ಹೊಳೆದದ್ದು. ಸರಿಯೋ ತಪ್ಪೋ ಎಂಬ ಅಳುಕೂ ಇತ್ತು. ಕಣ್ಣೊರೆಸಿಕೊಳ್ಳುತ್ತಿದ್ದ ಅವಳನ್ನು ನೋಡಲಾಗದೆ, ನಾನೇ ಕುಳ್ಳು ಮುರಿಯಲು ಕೈಚಾಚಿದೆ. ಅವಳು ನನ್ನ ಕೈಯನ್ನು ತಟ್ಟಿ ಸರಿಸಿದಳು.

"ತಗಿ ಕೈ. ಥೇಟ್ ನಿಮ್ಮವ್ವನ ಮಗಳು."

ಹೊರಗಿನಿಂದ ಅಣ್ಣ ಕೂಗಿದ: "ರೊಟ್ಟಿ ಆಗ್ತಾವೇನು, ಚುರುಮುರಿ ತರ್ಲ್ಯಾ?"

"ಚುರುಮುರಿ ತರ್ರಿ," ಎಂದಳು ವೈನಿ. "ಇವತ್ತಿಗಷ್ಟ."

ಆಮೇಲೆ ನೆಲಕ್ಕೆ ಸರಿಯಾಗಿ ಕುಳಿತು, ಸೆರಗು ಸಿಕ್ಕಿಸಿಕೊಂಡು, ಕುಳ್ಳಿನ ಅಂಚಿಗೆ ಒಂದು ಬೆರಳಿಟ್ಟಳು. ತೆಗೆಯಲಿಲ್ಲ.