ನಾರಾಯಣಮ್ಮನ ಹುಳದ ಮನೆಯ ಪಕ್ಕದಲ್ಲಿ

ಬಾಡಿಗೆಗೆ ಮನೆ ನೋಡಲು ಹೋದ ದಿನ ಮನೆಯೊಡತಿ ಮೊದಲು ಮಾಡಿದ ಕೆಲಸ ಎಂದರೆ ನನ್ನನ್ನು ಮೂಸಿ ನೋಡಿದ್ದು. ಸುಳ್ಳಲ್ಲ ಮಾರಾಯ್ರೆ. ಹತ್ತಿರ ಬಂದು, ನನ್ನ ಭುಜದ ಬಳಿ ಮೂಗು ತಂದು, ಎರಡು ಸಲ ಉಸಿರೆಳೆದು, "ಪೌಡರ್ ಹಾಕ್ಕೊಂಡಿದೀರಾ ಸಿಸ್ಟ್ರಮ್ಮ?" ಅಂತ ಕೇಳಿದಳು. ನಾನು ಬೇರೆಯೇ ಪ್ರಶ್ನೆಗಳಿಗೆ ಉತ್ತರ ಕಟ್ಟಿಕೊಂಡು ಹೋಗಿದ್ದೆ. ನೀವು ಯಾವ ಜನ, ಏನೇನು ತಿನ್ನುತ್ತೀರಿ, ಭಾನುವಾರ ಜನ ಸೇರಿಸಿ ಹಾಡು ಹೇಳಿಸುತ್ತೀರಾ ಎಂದೆಲ್ಲ ಪೇಟೆಯಲ್ಲಿ ಎರಡು ಮನೆಯವರು ಕೇಳಿ, ಆಮೇಲೆ "ಹೇಳಿ ಕಳಿಸ್ತೀವಿ" ಅಂದಿದ್ದರು. ಹೇಳಿ ಕಳಿಸಲೇ ಇಲ್ಲ. ನಾರಾಯಣಮ್ಮನಿಗೆ ನಮ್ಮ ಯೇಸುಸ್ವಾಮಿಯ ಬಗ್ಗೆ ತಕರಾರೇ ಇರಲಿಲ್ಲ. ಅವಳ ತಕರಾರೆಲ್ಲ ಪೌಡರಿನ ಮೇಲೆ.

ಶಿಡ್ಲಘಟ್ಟದಿಂದ ಸಾದಲಿಗೆ ಹೋಗುವ ದಾರಿಯ ಒಂದು ಹಳ್ಳಿ ಅದು. ಒಂದೇ ಅಂಗಳದಲ್ಲಿ ಅವಳ ಮನೆ, ನಮ್ಮ ಬಾಡಿಗೆ ಮನೆ, ನಡುವೆ ರೇಷ್ಮೆ ಹುಳ ಸಾಕುವ ಉದ್ದದ ಮನೆ. ಹುಳಕ್ಕೆ ವಾಸನೆ ಆಗುವುದಿಲ್ಲವಂತೆ. ಪೌಡರು, ಅಗರಬತ್ತಿ, ಫಿನಾಯಿಲು, ಬೀಡಿ ಹೊಗೆ, ಯಾವುದೂ ಸಲ್ಲದು. "ಕೋಳಿ ಮಾಡ್ಕೊಳ್ಳಿ, ಬೇಡ ಅನ್ನಲ್ಲ. ಹುಳ ಇರೋವಾಗ ಮೀನು ಮಾತ್ರ ಹುರೀಬೇಡ್ರಮ್ಮ. ಅದರಲ್ಲೂ ನಾಲ್ಕನೇ ಜ್ವರ ಎದ್ದ ಮೇಲೆ," ಅಂದಳು. ಜ್ವರ ಅಂದರೆ ಕಾಯಿಲೆಯಲ್ಲ, ಹುಳ ಮೇವು ಬಿಟ್ಟು ಪೊರೆ ಕಳಚಲು ಸುಮ್ಮನೆ ಕೂರುವ ಹೊತ್ತು. ನಾಲ್ಕು ಸಲ ಹಾಗೆ ಕೂತು ಎದ್ದ ಮೇಲೆ ಒಂದು ವಾರ ಹುಳ ಹಗಲು ರಾತ್ರಿ ತಿನ್ನುತ್ತದೆ, ಆಮೇಲೆ ಗೂಡು ಕಟ್ಟುತ್ತದೆ. ಆ ಒಂದು ವಾರ ಇಡೀ ಮನೆ ಉಸಿರು ಬಿಗಿಹಿಡಿದಿರುತ್ತದೆ. ಕಡಲ ಬದಿಯ ಹೆಂಗಸಿಗೆ ಮೀನು ಹುರಿಯಬೇಡ ಅನ್ನುವುದೆಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಒಪ್ಪಿಕೊಂಡೆ.

ನಮ್ಮ ಸಭೆಯ ಮಾಸಪತ್ರಿಕೆಗೆ "ದಿನದಿನದ ಬದುಕಿನಲ್ಲಿ ದೇವರ ಮಹಿಮೆ" ಎಂದು ಬರೆದುಕೊಡಿ ಅಂತ ನೀವು ಕೇಳಿದ್ದೀರಿ. ಒಳ್ಳೆಯ ಸಾಕ್ಷಿ ಬೇಕಾದರೆ ಬೇರೆ ಯಾರನ್ನಾದರೂ ಕೇಳಬೇಕಿತ್ತು. ಕೇಳಿದ್ದು ನನ್ನನ್ನು, ಹಾಗಾಗಿ ನಡೆದದ್ದನ್ನೇ ಬರೆಯುತ್ತೇನೆ.

ನಾವು ಬಂದದ್ದು ಮೂರು ಜನ. ಸರಕಾರಿ ದಾದಿಯಾದ ನನಗೆ ಇಲ್ಲಿಗೆ ವರ್ಗವಾಯಿತು. ಊರಿನ ಹಂಚಿನ ಕಾರ್ಖಾನೆ ಮುಚ್ಚಿ ಮನೆಯಲ್ಲಿ ಕೂತಿದ್ದ ನನ್ನ ಗಂಡ ಸಾಮುವೇಲರು ಇಲ್ಲಿ ಒಂದು ಮರದ ಡಿಪೋ ಸೇರಿದರು. ಅತ್ತೆ ಬರುವುದಿಲ್ಲ ಎಂದು ಹಠ ಹಿಡಿದರು. ಆಗಲೇ ಅವರಿಗೆ ಮರೆವು ಶುರುವಾಗಿತ್ತು. ಒಲೆ ಹಚ್ಚಿ ಮರೆಯುತ್ತಿದ್ದರು. ಹಾಗೆ ಬಿಟ್ಟು ಬರುವುದು ಹೇಗೆ? ನಾನೇ ಗದರಿಸಿ ಬಸ್ಸು ಹತ್ತಿಸಿದೆ. ಈ ಅತ್ತೆಯನ್ನು ನೀವೆಲ್ಲ ಬಲ್ಲಿರಿ. ನಲವತ್ತು ವರ್ಷ ಸಂಡೇಸ್ಕೂಲಿನಲ್ಲಿ ನಿಮ್ಮ ಕಿವಿ ಹಿಂಡಿದವರು ಅವರೇ. ಸಂಜೆಯ ಪ್ರಾರ್ಥನೆಯಲ್ಲಿ, ಇವತ್ತು ದೇವರ ಮಹಿಮೆಯನ್ನು ಎಲ್ಲಿ ಕಂಡೆ ಎಂದು ಒಬ್ಬೊಬ್ಬರೂ ಹೇಳದೆ ಅನ್ನದ ತಟ್ಟೆ ಕೆಳಗಿಡುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ನಾನು ಹಸಿವಿಗೆ ಏನಾದರೊಂದು ಸುಳ್ಳು ಹೇಳುತ್ತಿದ್ದೆ.

ಅಲ್ಲಿ ಕುಚ್ಚಲಕ್ಕಿ ಗಂಜಿ, ಇಲ್ಲಿ ಮುದ್ದೆ. ಅಲ್ಲಿ ಬಾವಿಗೆ ಕೊಡ ಇಳಿಸಿದರೆ ನೀರು, ಇಲ್ಲಿ ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲು ಕೆಮ್ಮುತ್ತದೆ. ಅಲ್ಲಿ ದೇವಾಲಯದ ಗಂಟೆ ಹೊಡೆದರೆ ಮೂರು ಊರಿಗೆ ಕೇಳುತ್ತದೆ, ಇಲ್ಲಿ ಭಾನುವಾರ ಪೇಟೆಯ ಸೈಕಲ್ ಅಂಗಡಿಯ ಮಾಳಿಗೆಯಲ್ಲಿ ಹನ್ನೊಂದು ಜನ ಸೇರಿ ತೆಲುಗು ಕೀರ್ತನೆ ಹೇಳುತ್ತೇವೆ. ನಾನು ಬಾಯಿ ಬಿಟ್ಟರೆ ರೋಗಿಗಳು ನಗುತ್ತಿದ್ದರು, "ರೇಡಿಯೋದಲ್ಲಿ ವಾರ್ತೆ ಓದ್ದಂಗೆ ಮಾತಾಡ್ತೀರಲ್ಲಮ್ಮ!" ಅಂತ. ವರ್ಷ ಕಳೆಯುವ ಹೊತ್ತಿಗೆ ಗಂಟಿಲ್ಲದ ಮುದ್ದೆ ಕಟ್ಟುವುದನ್ನು ಕಲಿತೆ. ನನ್ನ ಗೆಲುವು ಅಂತ ಇದ್ದರೆ ಅದೊಂದೇ.

ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಅತ್ತೆಯನ್ನು ನೋಡಿಕೊಂಡವಳು ನಾರಾಯಣಮ್ಮ. "ರಾ ದೊಡ್ಡಮ್ಮ, ಕೂಚೋ," ಎಂದು ತೆಲುಗಿನಲ್ಲಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಹಿಪ್ಪುನೇರಳೆ ಸೊಪ್ಪು ಬಿಡಿಸಲು ಕೊಡುತ್ತಿದ್ದಳು. ನಮ್ಮ ಮನೆಯಲ್ಲಿ ಅತ್ತೆ ದಿನಕ್ಕೊಂದು ಹೆಜ್ಜೆ ದೂರವಾಗುತ್ತಾ ಹೋದರು. ಕರ್ತನ ಪ್ರಾರ್ಥನೆ ಅರ್ಧಕ್ಕೆ ನಿಂತಿತು. ಕಡಲು, ಊರು, ಮಾವನ ಹೆಸರು, ಒಂದೊಂದೇ ಹೋಯಿತು. ನನ್ನನ್ನು ಮರೆತದ್ದು ನನಗೆ ದೊಡ್ಡದಲ್ಲ. ಅವರಿಗೆ ನಾನು ಎಂದೂ ಅಷ್ಟಕ್ಕಷ್ಟೇ.

ಆದರೆ ಒಂದು ಸಂಜೆ ಇವರು ಕೆಲಸದಿಂದ ಬಂದು ಚಪ್ಪಲಿ ಬಿಡುವಾಗ, ಅತ್ತೆ ತಟ್ಟನೆ ಎದ್ದು ಸೆರಗು ತಲೆಗೆಳೆದುಕೊಂಡು ಗೋಡೆಯ ಬದಿಗೆ ಸರಿದರು. "ಮನೇಲಿ ಗಂಡಸರಿಲ್ಲ. ಆಮೇಲೆ ಬನ್ನಿ," ಅಂದರು. ಇವರು ಬಾಗಿಲಲ್ಲೇ ನಿಂತರು. ಆಮೇಲೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಐವತ್ತರ ಗಂಡಸು, ಬಿಕ್ಕಿ ಬಿಕ್ಕಿ ಅತ್ತರು. "ಒಂದು ಸಲ ಸಾಮು ಅಂತ ಕರೆದ್ರೆ ಸಾಕು ಪ್ರೇಮಾ. ಒಂದೇ ಒಂದು ಸಲ. ಮತ್ತೆ ಎಂತ ಬೇಕಾದ್ರೂ ಆಗ್ಲಿ." ಅದೇ ದಿನದಿಂದ ನನ್ನ ಪ್ರಾರ್ಥನೆಯೂ ಅಷ್ಟಕ್ಕೇ ನಿಂತಿತು. ಸ್ವಾಮೀ, ಈ ತಾಯಿಯ ಬಾಯಿಂದ ಈ ಮಗನ ಹೆಸರನ್ನು ಒಂದು ಸಲ ಹೊರಡಿಸು.

ಹಳೆಯ ವಾಸನೆ ಮೂಗಿಗೆ ಬಡಿದರೆ ಮರೆತವರಿಗೆ ಒಂದು ಗಳಿಗೆ ನೆನಪು ಬರುವುದನ್ನು ನಾನು ವಾರ್ಡಿನಲ್ಲಿ ಕಂಡಿದ್ದೆ. ಅತ್ತೆಗೆ ಒಣಮೀನು ಅಂದರೆ ಪ್ರಾಣ. ಒಂದು ಮಂಗಳವಾರ ನಾನು ಮಂಡಿಯೂರಿ ಎದ್ದು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ, ಊರಿನಿಂದ ನಾದಿನಿ ಬಸ್ಸಿನಲ್ಲಿ ಕಳಿಸಿದ ಒಣಮೀನಿನ ಪೊಟ್ಟಣ ಬಂತು. ಕೇಳಿರಲಿಲ್ಲ, ಹೇಳಿರಲಿಲ್ಲ! ಅದೇ ದಿನ ನಾರಾಯಣಮ್ಮ ಮದುವೆಗೆಂದು ಚಿಂತಾಮಣಿಗೆ ಹೋಗಿದ್ದಳು. ಗಾಳಿಯೂ ಹುಳದ ಮನೆಯಿಂದ ನಮ್ಮ ಕಡೆಗೆ ಬೀಸುತ್ತಿತ್ತು. ಹುಳ ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಇನ್ನೊಂದು ವಾರ ಕಾಯಬಹುದಿತ್ತು. ಆದರೆ ಇದು ದೇವರ ಉತ್ತರವಲ್ಲದೆ ಇನ್ನೇನು ಎಂದು ನನ್ನ ಮನಸ್ಸು ಕುಣಿಯುತ್ತಿತ್ತು. ನೀವು ಕೇಳುತ್ತೀರಲ್ಲ, ಮಹಿಮೆ? ಆ ಪೊಟ್ಟಣದಲ್ಲಿ ನಾನು ಅದನ್ನು ಕಣ್ಣಾರೆ ಕಂಡೆ.

ಕಿಟಕಿ ಮುಚ್ಚಿ ಹುರಿದೆ. ವಾಸನೆಗೆ ಕಿಟಕಿ ಒಂದು ಲೆಕ್ಕವೇ? ಬಿಸಿ ಗಂಜಿ ಬಡಿಸಿ, ಒಂದು ತುಂಡು ಮೀನು ಅಂಚಿಗಿಟ್ಟು ಅತ್ತೆಯ ಮುಂದಿಟ್ಟೆ. ಇವರು ಎದುರಿಗೆ ಉಸಿರು ಹಿಡಿದು ಕೂತಿದ್ದರು. ಅತ್ತೆಯ ಮೂಗು ಅರಳಿತು. ಕಣ್ಣಿಗೆ ಎಷ್ಟೋ ತಿಂಗಳಿಂದ ಇಲ್ಲದ ಬೆಳಕು ಬಂತು. "ಅಮ್ಮಾ..." ಅಂದರು ಇವರು.

ಅತ್ತೆ ತಟ್ಟೆ ದೂರ ತಳ್ಳಿದರು. "ಯಾರೇ ಮೀನು ಹುರಿದವಳು? ನಾರಾಯಣಿ ಇಲ್ಲದ ಹೊತ್ತು ನೋಡಿ ಹುರೀತೀಯ? ಪುರುಗುಲು ಚಚ್ಚಿಪೋತಾಯಿ!" ಹುಳ ಸತ್ತುಹೋಗುತ್ತವೆ ಎಂದು, ನಾರಾಯಣಮ್ಮನ ಪಕ್ಕ ಕೂತು ಕಲಿತ ತೆಲುಗಿನಲ್ಲಿ, ಹಳೆಯ ಸಂಡೇಸ್ಕೂಲಿನ ಅದೇ ಗದರುವ ದನಿಯಲ್ಲಿ. ಎದ್ದು ಓಡಿ, ಸೆರಗಿನಿಂದ ಗಾಳಿ ಹೊಡೆದು ಹೊಗೆಯನ್ನು ಹೊರಗೆ ಅಟ್ಟತೊಡಗಿದರು. ಮಗನ ಕಡೆ ತಿರುಗಿಯೂ ನೋಡಲಿಲ್ಲ. ಇವರು ಮೀನನ್ನು ತಟ್ಟೆ ಸಮೇತ ತಿಪ್ಪೆಗೆ ಹಾಕಿ ಬಂದರು. ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಮೂರನೇ ದಿನ ಹುಳ ಸೊಪ್ಪು ಮುಟ್ಟಲಿಲ್ಲ. ನಾಲ್ಕನೇ ದಿನ ಮೆತ್ತಗಾಗಿ ಕರ್ರಗೆ ಸಾಯತೊಡಗಿದವು. ನಾನು ಹೋಗಿ ನಾರಾಯಣಮ್ಮನ ಮುಂದೆ ನಿಂತೆ. "ಅಕ್ಕಾ, ನಾನು ಮೀನು ಹುರಿದೆ."

"ಗೊತ್ತು," ಅಂದಳು. "ನಿಮ್ಮತ್ತೇನೇ ಹೇಳಿದ್ರು. ಆ ಮನೆ ಹೆಂಗಸು ಮೀನು ಹುರಿದ್ಲು, ಅವಳನ್ನ ಬಿಡಬೇಡ ನಾರಾಯಣಿ ಅಂತ ಅತ್ತುಬಿಟ್ರು." ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಸೆಕೆನೂ ಜಾಸ್ತಿ ಇತ್ತು ಬಿಡಿ. ಸೊಪ್ಪೂ ನೀರು ನೀರಾಗಿತ್ತು. ಯಾವುದರಿಂದ ಅಂತ ಯಾರಿಗೆ ಗೊತ್ತು ಸಿಸ್ಟ್ರಮ್ಮ."

"ಮನೆ ಖಾಲಿ ಮಾಡ್ತೇವೆ ಅಕ್ಕಾ."

"ದೊಡ್ಡಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀರ?" ಅಂದಳು. ನನ್ನ ಮುಖ ಮಾತ್ರ ನೋಡಲಿಲ್ಲ. ಆಮೇಲೆಯೂ ಎಷ್ಟೋ ದಿನ ನೋಡಲಿಲ್ಲ.

ಇದರಲ್ಲಿ ಮಹಿಮೆ ಇದೆ, ಆ ಹೆಂಗಸಿನ ಕ್ಷಮೆಯೇ ಮಹಿಮೆ ಎಂದು ನಿಮ್ಮ ಬೋಧಕರು ಸುಲಭವಾಗಿ ಹೇಳಿಯಾರು. ಇರಬಹುದು. ಅದು ನನ್ನ ಎದೆಯ ಮೇಲೆ ಕಲ್ಲಿನ ಹಾಗೆ ಕೂತಿದೆ, ಅಷ್ಟು ನನಗೆ ಗೊತ್ತು. ಅಮ್ಮನನ್ನು ಊರಿಗೆ ಕರೆತನ್ನಿ, ಕಡಲು ಕಂಡರೆ ಸರಿಹೋದಾರು ಎಂದು ನೀವೆಲ್ಲ ಬರೆಯುತ್ತೀರಿ. ಯಾವ ಊರಿಗೆ? ಅವರಿಗೆ ಊರೆಂದರೆ ಈಗ ಈ ಅಂಗಳ. ನನಗೆ ಈ ಅಂಗಳದಲ್ಲಿ ತಲೆಯೆತ್ತಿ ನಡೆಯಲಾಗುತ್ತಿಲ್ಲ, ಬಿಟ್ಟು ಹೊರಡಲೂ ಆಗುತ್ತಿಲ್ಲ. ಇವರದಂತೂ ಕೇಳಲೇಬೇಡಿ.

ಸತ್ತ ಹುಳಗಳನ್ನು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಬೇಕು. ಆ ಭಾನುವಾರ ನಾವು ಆರಾಧನೆಗೆ ಹೋಗಲಿಲ್ಲ. ಇವರು ಬೆಳಿಗ್ಗೆಯಿಂದ ಗುಂಡಿ ತೋಡಿ, ಹುಳ ಸಾಕುವ ಬಿದಿರಿನ ತಟ್ಟೆಗಳನ್ನು ಒಂದೊಂದಾಗಿ ಹೊತ್ತು ತಂದು ಸುರಿಯುತ್ತಿದ್ದರು. ಬಿಸಿಲು ಏರಿತ್ತು. ಅತ್ತೆ ಜಗಲಿಯಲ್ಲಿ ನಾರಾಯಣಮ್ಮನ ಪಕ್ಕ ಕೂತು ನೋಡುತ್ತಿದ್ದವರು ಎದ್ದು ಬಂದರು. ಬೆವರಿಳಿಯುತ್ತಿದ್ದ ಇವರ ಮುಖವನ್ನು ತಮ್ಮ ಸೆರಗಿನಿಂದ ಒರೆಸಿದರು. ಕೆನ್ನೆ ಸವರಿದರು. ನಾನು ಸುಣ್ಣದ ಬುಟ್ಟಿ ಹಿಡಿದು ನಿಂತಲ್ಲೇ ನಿಂತೆ.

"ನಾರಾಯಣೀ," ಎಂದು ಅತ್ತೆ ತಿರುಗಿ ಕೂಗಿದರು, "ಎಷ್ಟು ಒಳ್ಳೆಯವನು ನೋಡೇ ಇವನು. ಪಾಪ, ಯಾವ ತಾಯಿ ಹೆತ್ತ ಮಗನೋ!"

ಇವರು "ಹೌದಮ್ಮ" ಅಂದು ಇನ್ನೊಂದು ತಟ್ಟೆ ತರಲು ಒಳಗೆ ಹೋದರು.