ಖಾಲಿ ಮರಳಿಸಿದ ಬಟ್ಟಲು

ಇವತ್ತು ಬೆಳಗಿನಿಂದ ಮಾಡಿದ್ದಿಷ್ಟು. ಅಂಗಳ ಗುಡಿಸಿ ನೀರು ಹೊಡೆದೆ. ಹದಿನಾಲ್ಕು ರೊಟ್ಟಿ ಬಡಿದೆ. ಅತ್ತೆಯವರ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಮಗ್ಗಗಳ ಕೆಳಗೆ ಕೂತ ಅರಳೆಯ ಧೂಳು ಬಳಿದು ಚೀಲಕ್ಕೆ ತುಂಬಿದೆ. ಹಾಲು ಕಾಸಿ ಹೆಪ್ಪು ಹಾಕಿದೆ. ಸಾವಳಗಿಯಿಂದ ತಂಗಿ ಕಳಿಸಿದ ಹೊಸ ಒಣದ್ರಾಕ್ಷಿಯ ಗಂಟು ಬಂದಿತ್ತು. ತೊಟ್ಟು ಆರಿಸಿ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಸ್ಟೂಲು ಹತ್ತಿ ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲಿಟ್ಟೆ. ಕೆಳಗಿಳಿದು, ಉದುರಿದ್ದೇನಾದರೂ ಇದೆಯೇ ಎಂದು ಮೊಣಕಾಲೂರಿ ನೆಲವನ್ನೆಲ್ಲ ತಡವಿದೆ. ಎರಡು ಕಾಳು ಸಿಕ್ಕವು. ಬಾಯಿಗೆ ಹಾಕಿಕೊಂಡೆ. ಸೋಪು ಹಚ್ಚಿ ಎರಡು ಸಲ ಕೈ ತೊಳೆದೆ. ಅಷ್ಟಾದ ಮೇಲೆಯೇ ಚಿಗರಿಯನ್ನು ಒಳಗೆ ಕರೆದದ್ದು.

ದ್ರಾಕ್ಷಿ ಮುಟ್ಟಿದ್ದಕ್ಕೆ ಎರಡು ಸಲ ಕೈ ತೊಳೆಯುವ ಮಡಿ ಎಲ್ಲಿಯದು ಎಂದು ನೀವು ಕೇಳುತ್ತೀರಿ. ಕೇಳಿ, ಹೇಳುತ್ತೇನೆ. ಹೊಸ ದ್ರಾಕ್ಷಿಯ ಗಂಟು ಬಿಚ್ಚಿದಾಗ ಬರುವ ಆ ಹುಳಿಸಿಹಿ ವಾಸನೆ ಮೂಗಿಗೆ ಬಡಿದರೆ, ಬಾಯಲ್ಲಿ ನೀರೂರುವ ಮೊದಲು ನನ್ನ ಕಣ್ಣು ಚಿಗರಿ ಎಲ್ಲಿದ್ದಾಳೆಂದು ಹುಡುಕುತ್ತದೆ.

ಚಿಗರಿ ನಮ್ಮ ನಾಯಿ. ನಮ್ಮ ಕಡೆ ಜಿಂಕೆಗೆ ಚಿಗರಿ ಎನ್ನುತ್ತಾರೆ. ಹನ್ನೆರಡು ವರ್ಷದ ಕೆಳಗೆ ನಮ್ಮವರು ಮುಧೋಳದ ಆಚೆಯ ಒಬ್ಬ ಕುರುಬರ ಮನೆಯಿಂದ ಅವಳನ್ನು ನೂಲಿನ ಚೀಲದಲ್ಲಿಟ್ಟುಕೊಂಡು ಬನಹಟ್ಟಿಗೆ ತಂದಾಗ, ಇಡೀ ಮೈಯಲ್ಲಿ ಕಾಲೇ ಕಾಲು. ಮುಧೋಳದ ನಾಯಿ ಎಂದರೆ ಬೇಟೆಯ ನಾಯಿ ಎಂದು ಹೊರಗಿನ ಮಂದಿ ನಿಂತು ಫೋಟೋ ತೆಗೆಯುತ್ತಾರೆ. ನಮ್ಮ ಚಿಗರಿ ಈವರೆಗೆ ಒಂದು ಇಲಿಯನ್ನೂ ಹಿಡಿದಿಲ್ಲ. ಓಡುವುದೇನೋ ಓಡುತ್ತಿದ್ದಳು, ಮುಂದೆ ಹೋಗಿ ಇಲಿಯನ್ನು ದಾಟಿ ನಿಂತು, ಅದು ಎಲ್ಲಿ ಹೋಯಿತು ಎಂದು ತಿರುಗಿ ನೋಡುವಳು. ಅವಳಿಗೆ ಮಗ್ಗದ ಸಪ್ಪಳ ಬೇಕು. ಹಿಂದಿನ ಪಡಸಾಲೆಯಲ್ಲಿ ನಮ್ಮ ನಾಲ್ಕು ಪವರ್‌ಲೂಮ್ ಓಡುತ್ತಿದ್ದರೆ ಅದರ ಬದಿಗೇ ಹಾಯಾಗಿ ಮಲಗುತ್ತಾಳೆ. ಕರೆಂಟು ಹೋಗಿ ಸಪ್ಪಳ ನಿಂತಿತೋ, ಯಾರೋ ಬಡಿದೆಬ್ಬಿಸಿದಂತೆ ಏಳುತ್ತಾಳೆ.

ನಾನು ಹೇಳುವುದು ಮೂರು ವರ್ಷದ ಹಿಂದಿನ ಮಾತು. ಚಿಗರಿಗೆ ಆಗ ಒಂಬತ್ತು ತುಂಬಿತ್ತು. ಆ ಚಳಿಗಾಲ ಕಳೆದ ಮೇಲೆ ಹಿಂಗಾಲು ನಡುಗಲು ಶುರುವಾಯಿತು. ಪಕ್ಕೆಲುಬು ಮೊದಲೇ ಕಾಣುತ್ತಿದ್ದವು, ಆ ಜಾತಿಯೇ ಹಾಗೆ; ಆದರೆ ನನಗೆ ಅವು ಹೆಚ್ಚಾಗಿ ಕಾಣತೊಡಗಿದವು.

ಆಗ ನಮಗೂ ಪಕ್ಕದ ಮನೆಯ ಕಸ್ತೂರಿಗೂ ಸ್ವಲ್ಪ ಬಿಸಿಯಾಗಿತ್ತು. ಕಸ್ತೂರಿ ನನಗಿಂತ ನಾಲ್ಕೈದು ವರ್ಷ ಚಿಕ್ಕವಳು; ಅತ್ತಿಗೆಯೆಂದು ನನ್ನನ್ನು ವೈನಿ ಎಂದೇ ಕರೆಯುತ್ತಾಳೆ. ಗಂಡನಿಗೆ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಬೇಸಿಗೆ ಬಂತೆಂದರೆ ಇವಳು ಸಂಡಿಗೆ ಹಾಕಿ ಓಣಿಯ ಮನೆಗಳಿಗೆಲ್ಲ ಕೊಡುತ್ತಾಳೆ. ಇಬ್ಬರ ಹಿತ್ತಲ ನಡುವೆ ಗೋಡೆ ಬಿದ್ದಲ್ಲಿ ಒಂದು ಕಿಂಡಿ ಇತ್ತು. ಅದು ನಮ್ಮಿಬ್ಬರ ದಾರಿ, ಚಿಗರಿಯ ದಾರಿಯೂ ಹೌದು. ಒಂದು ಸೋಮವಾರ ಚಿಗರಿ ಹೋಗಿ ಹಸಿ ಸಂಡಿಗೆಯ ಮೇಲೆ ಉದ್ದಕ್ಕೂ ನಡೆದು, ಒಂದು ಸಾಲು ನೆಕ್ಕಿ ಬಂದಳು. ಕಸ್ತೂರಿ ಕಿಂಡಿಯಲ್ಲಿ ನಿಂತು, ಕೂಗಲಿಲ್ಲ, ಮೆಲ್ಲಗೇ ಅಂದಳು:

"ವೈನಿ, ಇದಕ ಒಂದಿನಾ ನಾ ಏನರ ಮಾಡ್ತೇನಿ ನೋಡು."

ನಾನು ನಕ್ಕೆ. ಸೋಮವಾರದ ನಗೆ ಗುರುವಾರಕ್ಕೆ ವಿಷವಾಯಿತು.

ಗುರುವಾರ ಬೆಳಿಗ್ಗೆ ಚಿಗರಿ ನಾಲ್ಕು ಸಲ ವಾಂತಿ ಮಾಡಿಕೊಂಡು ಮಗ್ಗದ ಬದಿಗೆ ಬಿದ್ದುಕೊಂಡಳು. ಕರೆದರೆ ಬಾಲದ ತುದಿ ಮಾತ್ರ ಒಂದಿಷ್ಟು ಎತ್ತಿ ಇಳಿಸಿದಳು. ಹಾಲು ಮೂಸಲಿಲ್ಲ, ರೊಟ್ಟಿಯ ಕಡೆಗೆ ನೋಡಲಿಲ್ಲ. ದನದ ದವಾಖಾನೆಯಿಂದ ರಿಟೈರ್ ಆದ ಒಬ್ಬ ಮುದುಕ ಕಂಪೌಂಡರ್ ನಮ್ಮ ಓಣಿಯ ತುದಿಯಲ್ಲಿದ್ದಾರೆ. ಅವರು ಬಂದು ಕಣ್ಣು ಬಿಡಿಸಿ ನೋಡಿ ಒಂದು ಸೂಜಿ ಚುಚ್ಚಿದರು.

"ಏನೋ ತಿಂದೈತ್ರಿ," ಅಂದರು. "ಇಲ್ಲಾ ಯಾರೋ ತಿನಿಸ್ಯಾರ."

ಅವರ ಮಾತಿನ ಮೊದಲರ್ಧ ನನ್ನ ಕಿವಿಗೆ ಬೀಳಲೇ ಇಲ್ಲ. ಎರಡನೆಯ ಅರ್ಧವನ್ನು ಮಾತ್ರ ಸೆರಗಿಗೆ ಗಂಟು ಹಾಕಿಕೊಂಡೆ.

ನನಗೊಂದು ಚಟವಿದೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಚೌಕದೊಳಗೆ ದಿನದಿನದ್ದು ಬರೆದಿಡುತ್ತೇನೆ: ಗ್ಯಾಸು ಹಚ್ಚಿದ್ದು, ಅತ್ತೆಯ ಗುಳಿಗೆ ಮುಗಿದದ್ದು, ಯಾರು ಬಂದರು, ಏನು ತಂದರು, ನಾವೇನು ಉಂಡೆವು. ಮನೆಯವರೆಲ್ಲ ನಗುತ್ತಾರೆ, ಏನಾದರೂ ಮರೆತಾಗ ಅವರೇ ಬಂದು ಅಲ್ಲಿ ನಿಲ್ಲುತ್ತಾರೆ. ಅವತ್ತು ನಾನು ಕ್ಯಾಲೆಂಡರಿನ ಮುಂದೆ ಪೊಲೀಸರ ಹಾಗೆ ನಿಂತೆ. ಸೋಮವಾರ: ಕಸ್ತೂರಿ ಸಿಟ್ಟಾದಳು. ಮಂಗಳವಾರ: ಕಸ್ತೂರಿ ಕಿಂಡಿಯಲ್ಲಿ ಇಣುಕಿ ಹೋದಳು, ಮಾತಾಡಲಿಲ್ಲ. ಬುಧವಾರ: ಚಿಗರಿ ಕಸ್ತೂರಿಯ ಹಿತ್ತಲಿಂದ ಬಾಯಿ ನೆಕ್ಕುತ್ತ ಬಂದಳು. ನೀವೇ ಹೇಳಿ, ಇನ್ನೇನು ಬೇಕು?

ನಮ್ಮವರು ಮೊದಲು ನಂಬಲಿಲ್ಲ. ಅವರು ಹಗಲೆಲ್ಲ ಮಗ್ಗದ ಸಪ್ಪಳದಲ್ಲಿರುವ ಮನುಷ್ಯ, ಮಾತು ಕಡಿಮೆ. ನಾಯಿಗೆ ಯಾರು ಹಾಕುತ್ತಾರೆ, ಸುಮ್ಮನಿರು ಎಂದರು. ನಾನು ಸುಮ್ಮನಿರಲಿಲ್ಲ. ಸಂಶಯ ಮಗ್ಗದ ಮನೆಯ ಅರಳೆಯ ಹಾಗೆ. ಯಾರೂ ತಂದು ಹಾಕುವುದಿಲ್ಲ, ಹೊತ್ತು ಮುಳುಗುವಷ್ಟರಲ್ಲಿ ಹುಬ್ಬಿನ ಮೇಲೂ ಕೂತಿರುತ್ತದೆ. ಊಟಕ್ಕೆ ಕೂತಾಗ ಒಮ್ಮೆ, ಚಹಾ ಕೊಡುವಾಗ ಒಮ್ಮೆ ಹೇಳಿದೆ. ಸಂಜೆಗೆ ಅವರು ಎದ್ದು ಹೋಗಿ ಹಳೆಯ ಮಗ್ಗದ ಒಂದು ಹಲಗೆಯನ್ನು ಕಿಂಡಿಗೆ ಅಡ್ಡ ಇಟ್ಟು ಮೊಳೆ ಹೊಡೆದರು. ಆಚೆ ಕಸ್ತೂರಿ ಪಾತ್ರೆ ತಿಕ್ಕುತ್ತಿದ್ದಳು. ಮೊದಲ ಮೊಳೆಗೇ ಪಾತ್ರೆಯ ಸಪ್ಪಳ ನಿಂತಿತು.

ಶುಕ್ರವಾರ ಬೆಳಿಗ್ಗೆ ಅವಳು ಬೀದಿಯ ಬಾಗಿಲಿನಿಂದ ಬಂದಳು. ಕೈಯಲ್ಲಿ ಸ್ಟೀಲಿನ ಬಟ್ಟಲು. ಅದರಲ್ಲಿ ಮೆತ್ತಗೆ ಹಿಸುಕಿದ ಮಜ್ಜಿಗೆ ಅನ್ನ. ನಾಯಿಗೆ ತಂಪಾಗುತ್ತದೆ ಎಂದಳು. ನನ್ನ ಮುಖ ನೋಡಲಿಲ್ಲ, ಚಿಗರಿಯನ್ನೇ ನೋಡುತ್ತಿದ್ದಳು. ಹಾಗೆ ನೋಡಿದ್ದೂ ನನ್ನ ಲೆಕ್ಕದಲ್ಲಿ ಅವಳ ವಿರುದ್ಧವೇ ಹೋಯಿತು. ಕೊಂದವರು ಬಂದು ನೋಡುತ್ತಾರಂತಲ್ಲ. ಅವಳು ಹೊರಳಿದ್ದೇ ತಡ, ಅನ್ನವನ್ನು ಬಚ್ಚಲಿಗೆ ಸುರಿದೆ. ಬಟ್ಟಲನ್ನು ಬೂದಿ ಹಚ್ಚಿ ತೊಳೆದು, ಒರೆಸಿ, ಆಗಿಂದಾಗಲೇ ಒಯ್ದು ಅವಳ ಕೈಗೆ ಕೊಟ್ಟೆ. ಖಾಲಿ.

ನಿಮ್ಮೂರಲ್ಲಿ ಹೇಗೋ ಗೊತ್ತಿಲ್ಲ. ನಮ್ಮಲ್ಲಿ ಬಂದ ಬಟ್ಟಲು ಖಾಲಿ ಹೋಗುವುದಿಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ, ಎರಡು ಹಸಿಮೆಣಸಿನಕಾಯಿ, ಕೊನೆಗೆ ನಾಲ್ಕು ಎಸಳು ಕರಿಬೇವು. ಖಾಲಿ ಬಟ್ಟಲು ಕೊಟ್ಟರೆ, ಇನ್ನು ಮುಂದೆ ಬೇಡ ಎಂದು ಬಾಯಿ ಬಿಟ್ಟು ಹೇಳಿದಂತೆ. ಕಸ್ತೂರಿ ಬಟ್ಟಲಿನ ಒಳಗೆ ನೋಡಿದಳು. "ಆತು ಬಿಡ ವೈನಿ," ಅಂದು ಒಳಗೆ ಹೋದಳು.

ಇಷ್ಟೆಲ್ಲ ಮಾಡುತ್ತ ಚಿಗರಿಯ ಆರೈಕೆಯಲ್ಲಿ ನಾನೇನೂ ಕಡಿಮೆ ಮಾಡಲಿಲ್ಲ. ನಡುವೆ ನಡುವೆ ಬಾಯಿ ಒರೆಸಿ, ಹೊಟ್ಟೆಯ ಕೆಳಗೆ ಹಳೆಯ ಸೀರೆ ಬದಲಿಸಿ, ಎರಡು ತಾಸಿಗೊಮ್ಮೆ ಚಮಚೆಯಿಂದ ಶಕ್ತಿಯ ನೀರು ಕುಡಿಸಿದೆ. ಕುಡಿಸಿದ ಸ್ವಲ್ಪ ಹೊತ್ತಿಗೆ ವಾಂತಿ. ವಾಂತಿಯಾದಾಗಲೆಲ್ಲ ಕಸ್ತೂರಿಯ ಗೋಡೆಯ ಕಡೆಗೆ ನೋಡಿ, ಮತ್ತೆರಡು ಚಮಚೆ ಕುಡಿಸಿದೆ.

ಶನಿವಾರ ಚಿಗರಿಗೆ ಕತ್ತು ಎತ್ತಲಾಗಲಿಲ್ಲ. ಸೀರೆಯ ಗಂಟು ಸಾಗಿಸುವ ಗೂಡ್ಸ್ ಆಟೋದಲ್ಲಿ ಗೋಣಿ ಹಾಸಿ, ತಲೆ ನನ್ನ ತೊಡೆಯ ಮೇಲಿಟ್ಟುಕೊಂಡು ಜಮಖಂಡಿಗೆ ಹೊರಟೆವು. ಮುಂದೆ ಕಬ್ಬಿನ ಟ್ರ್ಯಾಕ್ಟರು, ಹಿಂದೆ ಕಬ್ಬಿನ ಟ್ರ್ಯಾಕ್ಟರು. ನಡುವೆ ನಾನು ಮಡಿಲಲ್ಲಿ ಚಿಗರಿಯನ್ನೂ ಕ್ಯಾಲೆಂಡರನ್ನೂ ಹಿಡಿದು ಕೂತಿದ್ದೆ. ಹೌದು, ಗೋಡೆಯಿಂದ ಕಿತ್ತು ತಂದಿದ್ದೆ. ಸಾಕ್ಷಿ ಬೇಕಲ್ಲ.

ಅಲ್ಲಿಯ ಡಾಕ್ಟರು ನನ್ನ ಮಗಳ ವಯಸ್ಸಿನ ಹುಡುಗಿ. ಮೃದುವಾಗಿ ಚಿಗರಿಯ ಬಾಯಿಗೆ ಪಟ್ಟಿ ಕಟ್ಟಿ, ರಕ್ತ ತೆಗೆದು, ಉಚ್ಚೆ ಹೊಯ್ದು ಎಷ್ಟು ಹೊತ್ತಾಯಿತು ಎಂದು ಕೇಳಿದಳು. ನಿನ್ನೆಯಿಂದ ಇಲ್ಲ ಎಂದೆ. ಅವಳ ಮುಖ ಗಂಭೀರವಾಯಿತು. ನಮ್ಮವರು ಆಟೋ ಬದಿಗೆ ಹಚ್ಚಲು ಹೋಗಿದ್ದರು. ಈ ವಾರ ಏನೇನು ತಿಂದಿದೆ ಎಂದು ಅವಳು ಕೇಳಿದ್ದೇ, ನಾನು ಕ್ಯಾಲೆಂಡರು ಬಿಡಿಸಿ ಸೋಮವಾರದ ಚೌಕದ ಮೇಲೆ ಬೆರಳಿಟ್ಟು ಕಸ್ತೂರಿಯ ಪುರಾಣ ಶುರು ಮಾಡಿದೆ. ಡಾಕ್ಟರು ಬಗ್ಗಿ, ನನ್ನ ಬೆರಳಿನ ಕೆಳಗಿನ ಸಣ್ಣ ಅಕ್ಷರ ನೋಡಿದಳು.

"ಇದೇನ್ರಿ ಅಕ್ಕಾರ, ದಿನಾ ಬರದೀರಿ? ಚಿ. ಮ."

"ಚಿಗರಿಗಿ ಮಣೂಕರಿ."

ನಮ್ಮ ಮಂದಿಯ ಬಾಯಲ್ಲಿ ಒಣದ್ರಾಕ್ಷಿ ಎಂದರೆ ಮಣೂಕ. ನನ್ನ ಅತ್ತೆ ಎಂಬತ್ತರ ಮೇಲಾದರೂ ದಿನಾ ಬೆಳಿಗ್ಗೆ ನೆನೆಸಿದ ಮಣೂಕ ಎಂಟು ತಿಂದು ಆ ನೀರು ಕುಡಿಯುತ್ತಾರೆ. ಬಾಣಂತಿಗೆ ಅದೇ, ಜ್ವರದಿಂದ ಎದ್ದ ಮಗುವಿಗೆ ಅದೇ. ಆ ಭಾನುವಾರ ತಂಗಿಯ ಹೊಸ ಗಂಟು ಬಂದಿತ್ತು. ಆ ಮುದುಕಿಗೆ ಆಗುವುದು ಈ ಮುದುಕಿಗೆ ಯಾಕಾಗಬಾರದು ಎಂದುಕೊಂಡೆ. ಸೋಮವಾರ ಎಂಟು, ಮಂಗಳವಾರ ಒಂದು ಹಿಡಿ, ಬುಧವಾರ ದೊಡ್ಡ ಹಿಡಿ, ಹಾಲುರೊಟ್ಟಿಯೊಳಗೆ ಹಿಸುಕಿ. ನಾಯಿಗೆ ಮಣೂಕವೇ ಎಂದು ಮನೆಯವರು ಆಡಿಕೊಂಡಾರೆಂದು ಯಾರಿಗೂ ಹೇಳಿರಲಿಲ್ಲ. ಮಲಗಿದ ಮೇಲೆ ಕುಡಿಸಿದ ಶಕ್ತಿಯ ನೀರೂ ಅದೇ. ಡಾಕ್ಟರಿಗೆ ಇದನ್ನೆಲ್ಲ ಹೇಳುವಾಗ ನನ್ನ ದನಿಯಲ್ಲಿ ಜಂಬವೇ ಇತ್ತು.

ಅವಳು ಕಿವಿಯಿಂದ ನಳಿಕೆ ತೆಗೆದಳು.

"ಅಕ್ಕಾರ, ನಾಯಿಗಿ ಮಣೂಕ ಆಗೂದಿಲ್ರಿ. ಒಂದೊಂದ್ ನಾಯಿಗಿ ಏನೂ ಆಗೂದಿಲ್ಲ, ಒಂದೊಂದರ ಕಿಡ್ನಿನ ಹೊಡಿತೈತಿ. ಇನ್ನ ಒಂದ್ ಕಾಳೂ ಹಾಕಬ್ಯಾಡ್ರಿ."

ಸಲಾಯಿನ್ ಬಾಟಲಿ ಕೊಡುತ್ತೇನೆ, ಮನೆಯಲ್ಲಿ ಹಚ್ಚಿಸಿ, ನಾಳೆ ನಾಡಿದ್ದರೊಳಗೆ ಉಚ್ಚೆ ಹೊಯ್ದರೆ ಉಳಿಯುತ್ತಾಳೆ, ಇಲ್ಲದಿದ್ದರೆ ಕಷ್ಟ ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಕ್ಯಾಲೆಂಡರು ಸುರುಳಿ ಸುತ್ತಿದೆ.

ದಾರಿಯಲ್ಲಿ ನಮ್ಮವರು, ಯಾರು ಹಾಕಿದ್ದಂತ ಗೊತ್ತಾತೇನು ಎಂದು ಕೇಳಿದರು. ಹೊಟ್ಟೆ ಕೆಟ್ಟಿದೆಯಂತೆ ಎಂದೆ. ಈಗಲೂ ಚಿಗರಿಗೆ ದ್ರಾಕ್ಷಿ ಹಾಕಿದ್ದಕ್ಕಿಂತ ಆ ಮಾತಿಗೇ ನಾನು ಹೆಚ್ಚು ನಾಚುತ್ತೇನೆ. ದ್ರಾಕ್ಷಿ ಹಾಕುವಾಗ ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಚಿಗರಿ ಮಲಗುವ ಮಗ್ಗವನ್ನು ನಿಲ್ಲಿಸಿದೆವು. ಅದರ ಮೇಲಿನ ಪಟ್ಟಿಗೆ ಸಲಾಯಿನ್ ಬಾಟಲಿ ತೂಗುಬಿಟ್ಟು, ಕಂಪೌಂಡರು ಮುಂಗಾಲಿಗೆ ಸೂಜಿ ಹಚ್ಚಿದರು. ಸಪ್ಪಳವಿಲ್ಲದೆ ಅವಳು ಕಣ್ಣು ಮುಚ್ಚುವುದಿಲ್ಲವೆಂದು ಉಳಿದ ಮೂರನ್ನೂ ಓಡಿಸಿದೆವು. ನಾನು ಕಾಲು ಹಿಡಿದು ಕೂತು, ಹನಿ ಬೀಳುವುದನ್ನು ನೋಡಿದೆ. ಅವಳು ನನ್ನ ಕೈ ನೆಕ್ಕಿದಳು. ನಾನು ಕೈ ಎಳೆದುಕೊಂಡೆ. ಅತ್ತೆಯವರು ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆಲ್ಲ, ನಾಯಿ ಉಚ್ಚೆ ಹೊಯ್ದರೆ ಉಳಿಯುತ್ತದಂತೆ ಎಂದು ಸಾರಿದ್ದರಿಂದ ಇಡೀ ಓಣಿ ಆ ಒಂದು ಸಂಗತಿಗಾಗಿ ಕಾಯತೊಡಗಿತು. ಪ್ರಧಾನಿಗಳ ಆರೋಗ್ಯವನ್ನೂ ಯಾರೂ ಅಷ್ಟು ವಿಚಾರಿಸಿರಲಿಕ್ಕಿಲ್ಲ. ಪಕ್ಕದ ಮನೆಯ ಬಾಗಿಲು ಮಾತ್ರ ಮುಚ್ಚಿಕೊಂಡೇ ಇತ್ತು.

ಭಾನುವಾರ ಏನೂ ಆಗಲಿಲ್ಲ. ಸೋಮವಾರ ಹೊತ್ತು ಏರಿದ ಮೇಲೆ ಚಿಗರಿ ತಾನಾಗಿ ಏಳಲು ನೋಡಿದಳು. ಸಲಾಯಿನ್ ನಳಿಕೆ ಬಿಡಿಸಿ, ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಿ ಹಿಡಿದು ಬೀದಿಗೆ ತಂದೆ. ನಾಲ್ಕು ಹೆಜ್ಜೆ ಹಾಕಿ ನಿಂತಳು. ಮತ್ತೆ ನಾಲ್ಕು. ಟವೆಲನ್ನು ಎಳೆದುಕೊಂಡು ಎಲ್ಲಿಗೆ ಹೋಗುತ್ತಿದ್ದಾಳೆ ಎಂದು ನನಗೆ ತಿಳಿಯಿತು, ತಿರುಗಿಸಲು ಮನಸ್ಸಾಗಲಿಲ್ಲ. ಕಸ್ತೂರಿಯ ಮನೆಯ ಮೆಟ್ಟಿಲ ಬದಿಗೆ ಒಂದು ಕರಿಬೇವಿನ ಗಿಡವಿದೆ. ಆ ಗಿಡಕ್ಕಾಗಿ ಚಿಗರಿ ತಿಂದ ಬೈಗುಳ ಬರೆದರೆ ನನ್ನ ಕ್ಯಾಲೆಂಡರು ಸಾಲದು. ಅದರ ಬುಡಕ್ಕೆ ಹೋಗಿ ಕೂತಳು. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

ಬಾಗಿಲು ತೆರೆಯಿತು. ಕಸ್ತೂರಿ ಮೆಟ್ಟಿಲ ಮೇಲೆ ನಿಂತು ಬಗ್ಗಿ ನೋಡಿದಳು.

"ಹೊಯ್ದಳು," ಅಂದಳು. ಆಮೇಲೆ ನಮ್ಮ ಕಟ್ಟೆಯ ಕಡೆಗೆ ತಿರುಗಿ ದೊಡ್ಡ ದನಿಯಲ್ಲಿ, "ಏ ಅತ್ತಿ, ಹೊಯ್ದಾಳ್ರಿ. ಗಿಡ ತೋಯುವಂಗ ಹೊಯ್ದಾಳ."

ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಲ್ಲಿಯೇ ನನಗೆ ಇನ್ನು ತಡೆಯಲಾಗಲಿಲ್ಲ.

"ಕಸ್ತೂರಿ, ಆ ಬಟ್ಟಲಾ ಕೊಡಿಲ್ಲೆ."

"ಯಾಕ?"

"ಖಾಲಿ ಕೊಟ್ಟಿದ್ನೆಲ್ಲಾ."

ಅವಳು ತಂದು ಕೊಟ್ಟಳು. ಚಿಗರಿಯನ್ನು ಒಳಗೆ ಮಲಗಿಸಿ, ಡಬ್ಬಿಯಲ್ಲಿದ್ದ ಮಣೂಕವನ್ನೆಲ್ಲ ಆ ಬಟ್ಟಲಿಗೆ ಸುರಿದು ಒಯ್ದೆ. ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ: ಎಂಟು ಕಾಳು, ಹಿಡಿ, ದೊಡ್ಡ ಹಿಡಿ, ಚಮಚೆಯ ನೀರು, ಬಚ್ಚಲಿಗೆ ಸುರಿದ ಅನ್ನ. ಹೇಳುವಾಗ ನಮ್ಮವರು ನಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅವರೂ ಕೇಳಲೆಂದೇ ದನಿ ತಗ್ಗಿಸಲಿಲ್ಲ. ಅವರು ಒಳಗೆ ಹೋದರು.

ಕಸ್ತೂರಿ ಬಟ್ಟಲನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಹಂಗಾರ ನಾಯಿಗಿ ವಿಷಾ ಹಾಕಿದಾಕಿ ನೀನ. ಈಗ ನನಗೂ ತಂದೀಯೇನಬೇ?" ಅಂದು ಎರಡು ಕಾಳು ಬಾಯಿಗೆ ಹಾಕಿಕೊಂಡಳು. ಅಗಿಯುತ್ತ, ಬೇರೆ ಕಡೆ ನೋಡುತ್ತ ಮತ್ತೆ ಅಂದಳು: "ಖರೆ ಹೇಳ್ತೇನಿ ವೈನಿ. ಬುಧವಾರ ಸಂಡಿಗಿ ಸುತ್ತ ಖಾರಪುಡಿ ಚೆಲ್ಲಿದ್ದೆ. ಅದು ನೆಕ್ಕಿ ಹೋತು. ನಾನ ಕೊಂದೆ ಅಂತ ನಾಕ ದಿನಾ ಕೂಳ ಇಳಿದಿಲ್ಲ ನನಗ."

ಅದಕ್ಕೇ ಮಜ್ಜಿಗೆ ಅನ್ನ. ಖಾರ ತಿಂದ ಹೊಟ್ಟೆಗೆ ತಂಪು. ಒಂದೇ ಗೋಡೆಯ ಆಚೆ ಅವಳು ತನ್ನ ಕೈ ನೋಡಿಕೊಳ್ಳುತ್ತ ಕೂತಿದ್ದಳು, ಈಚೆ ನಾನು ಅವಳ ಕೈ ನೋಡುತ್ತ ಕೂತಿದ್ದೆ. ನಾವು ಮುಂದೆ ಏನು ಮಾತಾಡಿದೆವೋ ನೆನಪಿಲ್ಲ, ಹಿತ್ತಲಿನಿಂದ ಮೊಳೆ ಕೀಳುವ ಸಪ್ಪಳ ಬಂದದ್ದು ನೆನಪಿದೆ.

ಸಂಶಯ ಆಮೇಲೆ ನನ್ನನ್ನು ಬಿಟ್ಟು ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅದು ಮನೆ ಬದಲಿಸಿತು, ಅಷ್ಟೆ. ಈಗ ನಾನು ಪ್ರೀತಿಯಿಂದ ಏನಾದರೂ ಬಡಿಸಲು ಹೊರಟಾಗಲೇ ನನ್ನ ಮೇಲೆ ನನಗೆ ಕಣ್ಣು. ಚಿ. ಮ. ಎಂದು ಬರೆದ ಆ ಹಾಳೆಯನ್ನು ಎಸೆದಿಲ್ಲ. ಹೊಸ ಕ್ಯಾಲೆಂಡರಿನ ಹಿಂದೆ ಅದೇ ಮೊಳೆಗೆ ತೂಗುತ್ತಿದೆ.

ಇವತ್ತು ಮಧ್ಯಾಹ್ನ ನಾವು ಉಂಡದ್ದು ರೊಟ್ಟಿ, ಝುಣಕ, ಹೆಸರುಕಾಳಿನ ಪಲ್ಯ, ಕಸ್ತೂರಿ ಕಿಂಡಿಯಿಂದ ಕೊಟ್ಟ ಕರಿದ ಸಂಡಿಗೆ. ಅವಳ ಬಟ್ಟಲಿಗೆ ಹೊಸ ಮಣೂಕ ತುಂಬಿ ಕಳಿಸಿದೆ. ಚಿಗರಿಗೆ ಡಾಕ್ಟರು ಹೇಳಿದಂತೆ ಮೆತ್ತನೆಯ ಅನ್ನ, ಒಂದಿಷ್ಟು ಮಜ್ಜಿಗೆ. ಮೊದಲು ನಾನು ಮೂಸಿದೆ, ಒಂದು ತುತ್ತು ತಿಂದು ನೋಡಿದೆ, ಆಮೇಲೆ ಇಟ್ಟೆ. ಅವಳು ಮೂಸಲಿಲ್ಲ. ನಾನು ಇಟ್ಟೆನೆಂದಷ್ಟೇ ನೋಡಿ ಬಾಯಿ ಹಾಕಿದಳು, ಮುಗಿಸಿ ನನ್ನ ಕೈಯನ್ನೂ ನೆಕ್ಕಿದಳು. ಅತ್ತೆಯವರ ಬಾಯಲ್ಲಿ ಸಂಡಿಗೆ ಇನ್ನೂ ಆಡುತ್ತಿತ್ತು. ನಮ್ಮವರು ಹೋಗಿ ಮಗ್ಗ ಹಚ್ಚಿದರು. ಇದನ್ನೆಲ್ಲ ಚೌಕದೊಳಗೆ ಬರೆಯಲು ನಾನು ಪೆನ್ನು ಹುಡುಕಿ ತರುವಷ್ಟರಲ್ಲಿ, ಎಲ್ಲರಿಗಿಂತ ಮೊದಲು, ಚಿಗರಿ ನಿದ್ದೆ ಹೋಗಿದ್ದಳು.