ತುಳಸಿಯ ಬುಡದ ತಂತಿ

ನಮ್ಮ ಮನೆಯ ವಾಲ್ವ್ ರೇಡಿಯೋ ಗುಂಯ್‌ಗುಟ್ಟುವುದಕ್ಕೆ ನಾನೇ ಕಾರಣ ಎಂದು ಮಾವ ತೀರ್ಪು ಕೊಟ್ಟದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಯುದ್ಧದ ಕಾಲ. ಕೋಲಾರದ ಪೇಟೆಯ ಆ ಮನೆಯಲ್ಲಿ ಮಾವ, ಗಂಡ, ನಾನು, ಮೂವರೇ. ನನ್ನ ಒಬ್ಬನೇ ತಮ್ಮ ಟೇಕಲ್ಲಿನಲ್ಲಿ ರೈಲು ಹತ್ತಿ ಹೋದವನು ಸೈನ್ಯ ಸೇರಿ ಬರ್ಮಾ ಕಡೆ ಇದ್ದ. ಅವನ ಕಾಗದ ನಿಂತುಹೋಗಿತ್ತು. ಸಂಜೆ ಮದರಾಸಿನಿಂದ ಬರುವ ತೆಲುಗು ವಾರ್ತೆಯಲ್ಲಿ ಆ ಕಡೆ ಏನಾಯಿತೆಂದು ಕೇಳುವುದೊಂದೇ ನನಗೆ ಉಳಿದಿದ್ದ ಆಸರೆ.

ರೇಡಿಯೋ ಇದ್ದದ್ದು ನಡುಮನೆಯಲ್ಲಿ. ಅದರ ಅರ್ತಿಂಗ್ ತಂತಿಯನ್ನು ಕಿಟಕಿಯಿಂದ ಹಿತ್ತಿಲಿಗೆ ಇಳಿಸಿ, ತಾಮ್ರದ ತಗಡಿಗೆ ಕಟ್ಟಿ, ತುಳಸಿಯ ಬುಡದಲ್ಲಿ ಹೂತಿದ್ದರು. ನೆಲ ಸದಾ ಹಸಿಯಾಗಿರಬೇಕೆಂದು ರಿಪೇರಿಯವನು ಹೇಳಿದ್ದ. ತುಳಸಿಗೆ ನಾನು ದಿನಾ ನೀರು ಹಾಕುತ್ತಿದ್ದೆನಲ್ಲ.

ತಿಂಗಳಿಗೆ ಮೂರು ದಿನ ನಾನು ಮುಟ್ಟಾಗಿ ಹಿತ್ತಿಲ ಜಗಲಿಯಲ್ಲಿ ಕೂರಬೇಕಿತ್ತು. ತುಳಸಿಯ ಹತ್ತಿರ ಸುಳಿಯುವ ಹಾಗಿಲ್ಲ. ವಾರ್ತೆ ಮಾತ್ರ ಕಿಟಕಿಯಿಂದ ಕೇಳಿಸುತ್ತಿತ್ತು. ಬೇಸಿಗೆ ಬಂತು ನೋಡಿ, ಸರಿಯಾಗಿ ಆ ದಿನಗಳಲ್ಲೇ ರೇಡಿಯೋ ಗುಂಯ್ ಎಂದು ಮಾತನ್ನೆಲ್ಲ ನುಂಗತೊಡಗಿತು. ರಿಪೇರಿಯವನು ಪುರುಸೊತ್ತು ಮಾಡಿಕೊಂಡು ಬರುವ ಹೊತ್ತಿಗೆ ನಾನು ಮಿಂದು ಒಳಗೆ ಬಂದಿರುತ್ತಿದ್ದೆ, ರೇಡಿಯೋ ಸರಿಯಾಗಿರುತ್ತಿತ್ತು. ಒಂದು ಸಲ ವಾಲ್ವ್ ಬದಲಿಸಿದ, ಇನ್ನೊಂದು ಸಲ ಕಂಡೆನ್ಸರ್. ಮುಂದಿನ ತಿಂಗಳು ಮತ್ತದೇ ರಾಗ.

"ಇವಳು ಹೊರಗಾದಾಗಲೇ ಯಾಕೋ ಹಿಂಗಾಗುತ್ತೆ? ಮೈಲಿಗೆ ಗಾಳಿ ಒಳಕ್ಕೆ ಬರ್ತಿದೆ. ಕಿಟಕಿ ಹಾಕೋ," ಎಂದರು ಮಾವ, ಮಗನಿಗೆ. ದಿನಾ ಇಂಗ್ಲಿಷ್ ಪೇಪರು ಓದುವ ಮನುಷ್ಯ! ನನ್ನ ಗಂಡ ಎದ್ದು ಕಿಟಕಿ ಹಾಕಿದರು. ಗುಂಯ್ ನಿಂತಿತೇ? ಇಲ್ಲ. ನಿಂತದ್ದು ನನ್ನ ವಾರ್ತೆ.

ಮರುದಿನ ಸಂಜೆ ಮುಚ್ಚಿದ ಕಿಟಕಿಯನ್ನೇ ದುರುಗುಟ್ಟಿ ನೋಡುತ್ತಿದ್ದೆ. ಅದರಿಂದ ಇಳಿದ ತಂತಿಯ ಗುಂಟ ಕಣ್ಣು ತುಳಸಿಯ ಬುಡಕ್ಕೆ ಹೋಯಿತು. ನೆಲ ಬಾಯಿಬಿಟ್ಟಿತ್ತು. ನಾನು ಹೊರಗೆ ಕೂತರೆ ಗಿಡಕ್ಕೆ ತೊಟ್ಟು ನೀರು ಹಾಕುವ ಕೈ ಆ ಮನೆಯಲ್ಲಿರಲಿಲ್ಲ. ಮಳೆಗಾಲದಲ್ಲೂ ನಾನು ಹೊರಗೆ ಕೂತಿದ್ದೆ, ಆಗ ಯಾಕೆ ಗುಂಯ್ ಬರಲಿಲ್ಲ? ನನಗೆಂದು ಇಟ್ಟಿದ್ದ ಬಕೆಟ್ಟಿನ ನೀರನ್ನೆಲ್ಲ ತಂದು ಬುಡಕ್ಕೆ ಸುರಿದೆ. ನೀರು ಇಂಗುತ್ತಿದ್ದಂತೆ ಒಳಗಿನ ಗುಂಯ್ ಅಡಗಿತು. ಮುಚ್ಚಿದ ಕಿಟಕಿಯಾಚೆಯಿಂದಲೂ ವಾರ್ತೆ ಸ್ಪಷ್ಟವಾಗಿ ಕೇಳಿಸಿತು.

ಮಾವ ಕಿಟಕಿ ತೆರೆದರು. ಕಂಡದ್ದು ನನ್ನ ಕೈಯಲ್ಲಿದ್ದ ಬಕೆಟ್ಟು ಮಾತ್ರ.

"ತುಳಸೀನ ಮೈಲಿಗೆ ಮಾಡಿದ್ಯಲ್ಲೇ! ಬುದ್ಧಿ ನೆಟ್ಟಗಿದೆಯಾ ನಿಂಗೆ?"

"ರೇಡಿಯೋ ಕೇಳಿ ಮಾವ. ನೆಲ ಒಣಗಿತ್ತು, ಅಷ್ಟೇ."

ಕೇಳುವವರು ಯಾರು? ಪುರೋಹಿತರು ಬಂದರು, ಆ ಗಿಡ ಕಿತ್ತು ಮುಂದಿನ ಅಂಗಳದಲ್ಲಿ ಹೊಸ ತುಳಸಿ ನೆಟ್ಟರು, ನೀರು ಚಿಮುಕಿಸಿದರು. ತಗಡು ಮಾತ್ರ ಹಿತ್ತಿಲಲ್ಲೇ ಉಳಿಯಿತು. ಈಗ ಅಲ್ಲಿಗೆ ನೀರು ಹಾಕುವ ಪ್ರಶ್ನೆಯೇ ಇಲ್ಲ. ರೇಡಿಯೋ ದಿನಾ ಗುಂಯ್‌ಗುಟ್ಟಿತು, ನಾನು ಮಡಿಯುಟ್ಟು ಅಡುಗೆಮನೆಯಲ್ಲಿ ಸಾರು ಕುದಿಸುತ್ತಿದ್ದಾಗಲೂ! ಯಾರ ಮೈಲಿಗೆ ಎನ್ನುತ್ತಾರೆ ನೋಡೋಣ ಎಂದು ಕಾದೆ.

ಕೆಲವು ದಿನ ತಡೆದುಕೊಂಡ ಮಾವ ಒಂದು ಸಂಜೆ ಗೋಡೆ ನೋಡುತ್ತ ಕೇಳಿದರು: "ಹಿತ್ತಿಲಿಗೆ ಒಂದಿಷ್ಟು ನೀರು ಹಾಕ್ತೀಯೇನಮ್ಮ?"

"ದಿನಾ ಹಾಕ್ತೀನಿ. ಹೊರಗಾದಾಗಲೂ ಹಾಕ್ತೀನಿ. ಬರೀ ನೆಲಕ್ಕೆ ಮೈಲಿಗೆ ಇಲ್ಲವಲ್ಲ? ಆದರೆ ಕಿಟಕಿ ತೆಗೆದಿರಬೇಕು."

ಕಿಟಕಿ ತೆರೆಯಿತು. ಅದು ತೆರೆದ ಮೇಲೆಯೇ ನಾನು ಬಕೆಟ್ಟು ಎತ್ತುತ್ತಿದ್ದೆ. ಬರ್ಮಾ ಕಡೆಯ ಯುದ್ಧ ಮುಗಿದ ಸುದ್ದಿಯನ್ನು, ಮುಟ್ಟಾಗಿ ಜಗಲಿಯಲ್ಲಿ ಕೂತೇ, ಒಂದಕ್ಷರ ಬಿಡದೆ ಕೇಳಿದೆ. ತಮ್ಮ ಬದುಕಿ ಬಂದ. ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಆ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.